ಹೊಳಪಿನ ಜಾಹೀರಾತು, ಬರದ ನೆಲ

ಚುನಾವಣೆಯಲ್ಲಿ ಭರವಸೆಯ ಮಾತು ಓಟು ತರುತ್ತದೆ, ನಿಜ. ಆದರೆ ಆ ಮಾತು ಯಾರ ಬದುಕಿನದು ಎಂಬುದನ್ನು ಮತದಾರ ಬೇಗ ಪತ್ತೆಹಚ್ಚುತ್ತಾನೆ. 2004ರಲ್ಲಿ ವಾಜಪೇಯಿ ಸರ್ಕಾರ ‘ಇಂಡಿಯಾ ಶೈನಿಂಗ್’ ಎಂದು ಜಾಹೀರಾತು ಕೊಟ್ಟು, ಅವಧಿಗೆ ಮುನ್ನವೇ ಚುನಾವಣೆಗೆ ಹೋಗಿ ಅಧಿಕಾರ ಕಳೆದುಕೊಂಡದ್ದು ಎಲ್ಲರಿಗೂ ಗೊತ್ತು. ಅದೇ ಹೊತ್ತಿನಲ್ಲಿ ಕರ್ನಾಟಕದಲ್ಲಿ ಮುಖ್ಯಮಂತ್ರಿ ಎಸ್‌.ಎಂ. ಕೃಷ್ಣ ಅವರೂ ವಿಧಾನಸಭೆಯನ್ನು ಮುಂಚಿತವಾಗಿ ವಿಸರ್ಜಿಸಿದ್ದನ್ನು ನೆನೆಯುವವರು ಕಡಿಮೆ. ಬೆಂಗಳೂರನ್ನು ಸಿಂಗಪುರ ಮಾಡುವ ಕನಸು ಅವರ ಬಂಡವಾಳ. ಸತತ ಮೂರು ವರ್ಷ ಬರ ಉಂಡ ಹಳ್ಳಿಗಳಿಗೆ ಅದರಲ್ಲಿ ಪಾಲಿರಲಿಲ್ಲ. ವಿಧಾನಸಭೆಯಲ್ಲಿ ಅವರ ಕಾಂಗ್ರೆಸ್ 132ರಿಂದ 65 ಸ್ಥಾನಕ್ಕೆ ಕುಸಿಯಿತು. ತಮಾಷೆಯೆಂದರೆ, ದೆಹಲಿಯಲ್ಲಿ ಸೋತ ಬಿಜೆಪಿಗೆ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 18 ದಕ್ಕಿದವು. ವಿರೋಧ ಪಕ್ಷದ ಆಶಾವಾದಕ್ಕೆ ಜನ ಸಾಲ ಕೊಡುತ್ತಾರೆ, ಆಳುವವರ ಆಶಾವಾದಕ್ಕೆ ಲೆಕ್ಕ ಕೇಳುತ್ತಾರೆ ಎಂದೇ ನಮ್ಮ ಓದು.

ಇನ್ನೊಂದು ವಿಚಿತ್ರವೂ ಉಂಟು. ಪಕ್ಷಗಳು ಅತಿ ಹೆಚ್ಚು ಬಣ್ಣದ ಕನಸು ಮಾರುವುದು ಬೆಂಗಳೂರಿಗೆ. ಆದರೆ 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಮತದಾನ ಶೇ 73 ದಾಟಿದರೂ ರಾಜಧಾನಿ ಶೇ 60ನ್ನು ಮುಟ್ಟಲಿಲ್ಲ. ಈ ನಗರಕ್ಕೆ ಸುರಂಗ ರಸ್ತೆಯ ಚಿತ್ರ ತೋರಿಸುವವರು, ಮತದಾರರ ಪಟ್ಟಿಯಲ್ಲಿ ಹೆಸರೇ ಇಲ್ಲದ ಬಾಡಿಗೆದಾರರನ್ನು ಮೊದಲು ವಿಚಾರಿಸಲಿ.