ಮಾರ್ಕರ್ ಬರಲಿ, ಪೀಣ್ಯ ಕಾಯಬೇಕಾಗಿಲ್ಲ

ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಮೂವತ್ತು ದಾಟಿದ ಮೇಲೆ ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ ಪರೀಕ್ಷೆ ಮಾಡಿಸಿ ಎಂದರೆ ಸಾಕು, ಆಕ್ಷೇಪಗಳು ಸಾಲುಗಟ್ಟುತ್ತವೆ.

‘ಜೀವಕೋಶದ ಹೊರಮೈಯ ಮಾರ್ಕರ್‌ಗಳ ಸಂಶೋಧನೆ ನಡೆದಿದೆ, ತಡೆಯಿರಿ’ ಎನ್ನುವವರು ವಿಜ್ಞಾನ ಬಲ್ಲವರೇ. ಹೊರಮೈಯ ಪ್ರೋಟೀನಿಗೆ ಪ್ರತಿಕಾಯ ಅಂಟಿಸಲು ಕೋಶದ ಪೊರೆ ತೂರಬೇಕಿಲ್ಲ, ಎಣಿಕೆಯನ್ನು ಯಂತ್ರಕ್ಕೆ ಬಿಡಬಹುದು. ಅವರ ಆಸೆ ನ್ಯಾಯವಾದದ್ದು. ಆದರೆ ಇಂದು ಮಾನ್ಯತೆ ಪಡೆದಿರುವ ಪಿ16, ಕೆಐ-67 ಜೋಡಿ ಇರುವುದು ಕೋಶದ ಒಳಗೆ. ವೈರಸ್ಸಿನ ಇ7 ಪ್ರೋಟೀನು ಕೋಶದ ಆರ್‌ಬಿ ಎಂಬ ಕಡಿವಾಣ ಕಳಚಿದಾಗ ಪಿ16 ಏರುತ್ತದೆ; ಕೆಐ-67 ವಿಭಜನೆಯ ಗುರುತು. ಒಂದೇ ಕೋಶದಲ್ಲಿ ಎರಡೂ ಕಂಡರೆ ಅನುಮಾನ ಬಲವಾಗುತ್ತದೆ. ಈ ಜೋಡಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಶಿಫಾರಸು ಮಾಡಿದ್ದೂ ಎಚ್‌ಪಿವಿ ಪಾಸಿಟಿವ್ ಬಂದವರಲ್ಲಿ ಯಾರನ್ನು ಮುಂದಕ್ಕೆ ಕಳಿಸಬೇಕೆಂದು ತೀರ್ಮಾನಿಸಲು. ಮೊದಲ ಪರೀಕ್ಷೆಯೇ ಆಗದಿದ್ದರೆ ಮಾರ್ಕರ್ ಯಾರನ್ನು ಸೋಸಬೇಕು?

‘ಗರ್ಭಕಂಠಕ್ಕೆ ವಿನೆಗರ್ ಹಚ್ಚಿ ನೋಡುವುದು ಅಗ್ಗ.’ ನಿಜ. ಮುಂಬೈಯಲ್ಲಿ ಎರಡು ವರ್ಷಕ್ಕೊಮ್ಮೆ ಹಾಗೆ ನೋಡಿದ್ದರಿಂದ ಈ ಕ್ಯಾನ್ಸರಿನ ಸಾವು ಶೇ 31ರಷ್ಟು ತಗ್ಗಿತು. ಆದರೆ ನಮ್ಮ ಬೀದರ್, ಕಲಬುರಗಿಗಳ ನೆರೆಯ ಉಸ್ಮಾನಾಬಾದ್‌ನಲ್ಲಿ ಒಂದೇ ಸುತ್ತಿನ ಎಚ್‌ಪಿವಿ ಪರೀಕ್ಷೆ ಸಾವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿತು. ಒಂದೇ ಸುತ್ತಿನ ವಿನೆಗರ್‌ಗಾಗಲಿ ಪ್ಯಾಪ್ ಸ್ಮಿಯರ್‌ಗಾಗಲಿ ಅಂಥ ಇಳಿಕೆ ಸಿಗಲಿಲ್ಲ. ಫಲಿತಾಂಶ 2009ರಲ್ಲೇ ಪ್ರಕಟವಾಗಿದೆ. ಮತ್ತೆ ಮತ್ತೆ ರಜೆ ಹಾಕಲಾಗದವಳಿಗೆ ಯಾವುದು ಅಗ್ಗ?

‘ಲಸಿಕೆ ಇದೆಯಲ್ಲ.’ ಮಗಳಿಗೆ ಹಾಕಿಸಿ. ಅಮ್ಮನ ಮೈಯಲ್ಲಿ ಈಗಾಗಲೇ ಇರುವ ಸೋಂಕನ್ನು ಅದು ತೆಗೆಯುವುದಿಲ್ಲ.

‘ಪಾಸಿಟಿವ್ ಅಂದರೆ ಗಂಡನ ಮನೆಯಲ್ಲಿ ರಾದ್ಧಾಂತ’ ಎಂಬ ಮಾತನ್ನು ಮಾತ್ರ ಹಗುರವಾಗಿ ತಳ್ಳಲಾಗದು. ಲೈನಿನಲ್ಲಿ ಗುಸುಗುಸು ಹಬ್ಬಲು ಎಷ್ಟು ಹೊತ್ತು! ಆದರೆ ಈ ಸೋಂಕು ಯಾರಿಂದ, ಯಾವಾಗ ಬಂತೆಂದು ಯಾವ ಪರೀಕ್ಷೆಯೂ ಹೇಳದು. ಮದುವೆಯ ಹೊಸತರಲ್ಲಿ ತಗುಲಿದ್ದು ವರ್ಷಗಟ್ಟಲೆ ಅಡಗಿದ್ದಿರಬಹುದು. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಪಾಸಿಟಿವ್ ಎಂದರೆ ಕ್ಯಾನ್ಸರ್ ಅಲ್ಲ ಎಂದು ನರ್ಸಮ್ಮ ಎದುರಿಗೆ ಕೂರಿಸಿಕೊಂಡು ಹೇಳಬೇಕು. ವರದಿ ಎಚ್‌ಆರ್ ಮೇಜಿಗೆ ಹೋಗಲೇಬಾರದು.

ಉಳಿದದ್ದು ಮ್ಯಾನೇಜರುಗಳ ಪ್ರಶ್ನೆ: ‘ಟಾರ್ಗೆಟ್ ಬಿಟ್ಟು ಯಾರು ಬರ್ತಾರೆ?’ ಬರುವುದೇ ಬೇಡ. ಕಡ್ಡಿಯಿಂದ ತಾನೇ ಮಾದರಿ ತೆಗೆದುಕೊಡಲು ಕೆಲವೇ ನಿಮಿಷ ಸಾಕು, ಬಾಗಿಲು ಭದ್ರವಾಗಿರುವ ಒಂದು ಕೋಣೆ ಕೊಡಿ. ಪಾಸಿಟಿವ್ ಬಂದವರು ಇಎಸ್‌ಐ ಆಸ್ಪತ್ರೆಗೋ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗುವ ದಿನ ಸಂಬಳ ಹಿಡಿಯಬೇಡಿ. ಅವರ ಮಷೀನಿಗೆ ಬದಲಿ ಟೈಲರ್ ಹಾಕುವುದು ನಿಮ್ಮ ಕೆಲಸ.