ಮೂಲೆಯಲ್ಲಿ ನಿಂತವನ ಬೆಲೆ

ಕನ್ನಡದಲ್ಲಿ ಮೂಲೆಗೆ ಒಳ್ಳೆಯ ಹೆಸರಿಲ್ಲ. ವಯಸ್ಸಾದವರು ಮೂಲೆ ಹಿಡಿಯುತ್ತಾರೆ, ಬೇಡವಾದವರು ಮೂಲೆಗುಂಪಾಗುತ್ತಾರೆ, ಕೆಟ್ಟುಹೋದ ಮಿಕ್ಸಿ ಮೂಲೆಯಲ್ಲಿ ದೂಳು ತಿನ್ನುತ್ತದೆ. ಅದೇ ಮೂಲೆ ‘ಕಾರ್ನರ್ ಸೈಟ್’ ಆದ ಕೂಡಲೇ ಬೆಲೆ ಏರುತ್ತದೆ, ಆ ಮಾತು ಬೇರೆ. ಬ್ಯಾಸ್ಕೆಟ್‌ಬಾಲಿನ ಮೂಲೆ ಈ ಎರಡನೆಯ ಜಾತಿಗೆ ಸೇರಿದ್ದು. ಅಮೆರಿಕದ ಎನ್‌ಬಿಎ ಅಂಕಣದ ಅಗಲ 50 ಅಡಿ. ಮೂರು ಅಂಕದ ಗೆರೆ ಎದುರಿನಿಂದ ನೋಡಿದರೆ ರಿಂಗ್‌ನಿಂದ 23 ಅಡಿ 9 ಅಂಗುಲ ದೂರ. ಪಕ್ಕದಲ್ಲಿ ಅಷ್ಟು ಜಾಗ ಸಾಲದು; ಹಾಗಾಗಿ ಅಲ್ಲಿ ಗೆರೆ ಬಾಗುವುದನ್ನು ಬಿಟ್ಟು 22 ಅಡಿಗೇ ನೆಟ್ಟಗೆ ಇಳಿಯುತ್ತದೆ. ಸುಮಾರು ಎರಡು ಅಡಿ ಹತ್ತಿರ, ಆದರೂ ಅಂಕ ಮೂರೇ. ತೊಂದರೆ ಒಂದೇ: ಆ ಗೆರೆಗೂ ಹೊರಗೆರೆಗೂ ನಡುವೆ ಇರುವುದು 3 ಅಡಿ. ಒಬ್ಬರು ಮಲಗುವ ಮಂಚದ ಅಗಲ. ಆರೂವರೆ ಅಡಿ ಎತ್ತರದ ಮನುಷ್ಯ ಎರಡೂ ಗೆರೆ ತುಳಿಯದೆ ಅಲ್ಲಿ ನಿಂತು ಚೆಂಡಿಗಾಗಿ ಕಾಯಬೇಕು.

ಹೆಚ್ಚಾಗಿ ಅಲ್ಲಿ ಕಾಯುವವನು ನಾಯಕನಟನಲ್ಲ, ನಮ್ಮ ಸಿನಿಮಾ ಭಾಷೆಯ ಪೋಷಕ ನಟ. ಅವನಿಗೆ ವಯಸ್ಸೂ ಆಗಿದ್ದರೆ ಅವನನ್ನು ಯಾರು, ಎಷ್ಟು ಕೊಟ್ಟು, ಏಕೆ ಕೊಳ್ಳುತ್ತಾರೆ ಎನ್ನುವುದು ಪ್ರತಿ ಜುಲೈನಲ್ಲಿ ನನಗೆ ಕಾದಂಬರಿಯಷ್ಟೇ ಸ್ವಾರಸ್ಯದ ವಿಷಯ.

ಕೊಳ್ಳುವುದು ಎಂದರೆ ನಮಗೆ ತಟ್ಟನೆ ನೆನಪಾಗುವುದು ಐಪಿಎಲ್ ಹರಾಜು. ಅಲ್ಲಿ ಸುತ್ತಿಗೆ ಬಡಿದ ಮೇಲಷ್ಟೇ ಆಟಗಾರನಿಗೆ ತಾನು ಯಾವ ಊರಿನವನೆಂದು ತಿಳಿಯುವುದು. ಎನ್‌ಬಿಎಯಲ್ಲಿ ಒಪ್ಪಂದ ಮುಗಿದವನು ಫ್ರೀ ಏಜೆಂಟ್. ತಂಡಗಳು ಅವನ ಬಾಗಿಲಿಗೆ ಬರುತ್ತವೆ, ಆರಿಸುವವನು ಅವನು. ಇದು ಯಾರೂ ಕರೆದು ಕೊಟ್ಟ ಹಕ್ಕಲ್ಲ. ಆಸ್ಕರ್ ರಾಬರ್ಟ್‌ಸನ್ ಮುಂದಾಳಾಗಿ 1970ರಲ್ಲಿ ಆಟಗಾರರು ಹೂಡಿದ ದಾವೆ 1976ರಲ್ಲಿ ರಾಜಿಯಾಯಿತು. ಯಾವ ಹಂಗೂ ಇಲ್ಲದೆ ತಂಡ ಬದಲಿಸಿದ ಮೊದಲಿಗ ಟಾಮ್ ಚೇಂಬರ್ಸ್, ಅದೂ 1988ರಲ್ಲಿ.

ಹಿರಿಯರಿಗೆಂದೇ ಇರುವ ಒಂದು ನಿಯಮ ನನಗೆ ಬಹಳ ಇಷ್ಟ. ಹೆಚ್ಚು ವರ್ಷ ಆಡಿದವನಿಗೆ ಕನಿಷ್ಠ ಸಂಬಳವೂ ಹೆಚ್ಚು. ಹೀಗಿದ್ದರೆ ಯಜಮಾನರು ಹಳಬರನ್ನು ಬಿಟ್ಟು ಅಗ್ಗದ ಹುಡುಗರನ್ನೇ ಹಿಡಿದಾರು. ಅದಕ್ಕೇ ಹಳಬನೊಬ್ಬ ಕನಿಷ್ಠ ಸಂಬಳಕ್ಕೆ ಒಂದು ವರ್ಷದ ಒಪ್ಪಂದ ಮಾಡಿಕೊಂಡರೆ, ಎರಡು ವರ್ಷ ಆಡಿದವನಿಗೆ ಸಲ್ಲುವಷ್ಟನ್ನು ಮಾತ್ರ ತಂಡ ಕೊಡುತ್ತದೆ. ಮಿಕ್ಕಿದ್ದನ್ನು ಲೀಗ್ ತುಂಬುತ್ತದೆ. ಅನುಭವಕ್ಕೆ ಸಬ್ಸಿಡಿ! ಬೇರೆ ಯಾವ ಉದ್ಯೋಗದಲ್ಲೂ ಇಂಥದ್ದನ್ನು ನಾನು ಕಂಡಿಲ್ಲ.

ನಾನು ಹೇಳಹೊರಟ ರೇ ಅಲೆನ್ ಕನಿಷ್ಠ ಸಂಬಳದಷ್ಟು ಕೆಳಕ್ಕೆ ಇಳಿದವನಲ್ಲ. ಮಿಲ್ವಾಕಿ, ಸಿಯಾಟಲ್, ಬಾಸ್ಟನ್ ಎಂದು 16 ವರ್ಷ ಆಡಿದವನು, 2008ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಜೊತೆ ಪ್ರಶಸ್ತಿ ಗೆದ್ದವನು. ರೆಜಿ ಮಿಲ್ಲರ್‌ನ 2,560 ಮೂರಂಕದ ಎಸೆತಗಳ ದಾಖಲೆಯನ್ನು 2011ರ ಫೆಬ್ರುವರಿಯಲ್ಲಿ ಮುರಿದವನು. 2012ರ ಜುಲೈ ಬರುವಾಗ ಅವನಿಗೆ 37 ತುಂಬುವುದರಲ್ಲಿತ್ತು, ಕಣಕಾಲಿನ ಶಸ್ತ್ರಚಿಕಿತ್ಸೆ ಆಗಷ್ಟೇ ಮುಗಿದಿತ್ತು. ಬಾಸ್ಟನ್ ಮುಂದಿಟ್ಟದ್ದು ಎರಡು ವರ್ಷಕ್ಕೆ 1 ಕೋಟಿ 20 ಲಕ್ಷ ಡಾಲರ್ ಎಂದು ಆಗ ವರದಿಯಾಯಿತು. ಮಯಾಮಿ ಹೀಟ್ ತಂಡದ ಕೈ ಕಟ್ಟಿತ್ತು. ಆ ವರ್ಷ ಒಂದು ತಂಡದ ಒಟ್ಟು ಸಂಬಳಕ್ಕಿದ್ದ ಮಿತಿ 5 ಕೋಟಿ 80 ಲಕ್ಷ. ಲೆಬ್ರಾನ್ ಜೇಮ್ಸ್, ಡ್ವೇನ್ ವೇಡ್, ಕ್ರಿಸ್ ಬಾಷ್ ಮೂವರನ್ನು ಸಾಕುವುದರಲ್ಲೇ ಅದರ ಬಹುಪಾಲು ಹೋಗಿ, ಉಳಿದವರೂ ಸೇರಿ ಅದು ತುಂಬಿ ತುಳುಕಿತ್ತು. ಅಂಥ ತಂಡಗಳಿಗೆ ಉಳಿದಿರುವ ಒಂದು ಸಣ್ಣ ಕಿಟಕಿಯಿಂದ ಅದು ಚಾಚಬಹುದಾದದ್ದು ವರ್ಷಕ್ಕೆ ಸುಮಾರು 31 ಲಕ್ಷ. ಅಲೆನ್ ಕಿಟಕಿಯನ್ನೇ ಆರಿಸಿಕೊಂಡ. ಫ್ಲಾರಿಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಎಂದು ಲೆಕ್ಕ ಬಲ್ಲವರು ನೆನಪಿಸಿಯಾರು. ಅರ್ಧಕ್ಕರ್ಧ ಕಡಿಮೆಯಾದ ಸಂಬಳವನ್ನು ಆ ತೆರಿಗೆಯ ಉಳಿತಾಯ ತುಂಬಿಕೊಡಲಾರದು.

ಇಲ್ಲೊಂದು ಒಗಟಿದೆ. ಬಾಸ್ಟನ್‌ನಲ್ಲಿ ಅವನಿಗಿದ್ದ ನೋವು ಬೆಂಚಿನದು. ಏವರಿ ಬ್ರಾಡ್ಲಿ ಎಂಬ ಹುಡುಗ ಅವನ ಜಾಗಕ್ಕೆ ಬಂದಿದ್ದ. ಅದೇ ವರ್ಷ ಅಲೆನ್‌ನನ್ನು ಮೆಂಫಿಸ್‌ಗೆ ಕೊಟ್ಟುಬಿಡುವ ಮಾತುಕತೆ ಕೊನೆಗಳಿಗೆಯಲ್ಲಿ ಮುರಿದುಬಿದ್ದಿತ್ತು. ಇವನ ಉತ್ತರಕ್ಕೆ ಮೊದಲೇ ಜೇಸನ್ ಟೆರಿ ಎಂಬ ಇನ್ನೊಬ್ಬ ಆಟಗಾರನಿಗೆ ಮೂರು ವರ್ಷದ ಒಪ್ಪಂದದ ಮಾತು ಕೊಟ್ಟಾಗಿತ್ತು. ಸರಿ, ಮುನಿಸು ಅರ್ಥವಾಗುತ್ತದೆ. ಮಯಾಮಿಯಲ್ಲೂ ಅವನಿಗೆ ಸಿಕ್ಕಿದ್ದು ಬೆಂಚೇ ಅಲ್ಲವೇ? ಮೊದಲ ವರ್ಷ 79 ಪಂದ್ಯ ಆಡಿದ, ಒಂದರಲ್ಲೂ ಆರಂಭದ ಐವರಲ್ಲಿ ಅವನ ಹೆಸರಿರಲಿಲ್ಲ.

ತಾನೇ ಕಟ್ಟಿದ ಮನೆಯಲ್ಲಿ ಮೂಲೆಗೆ ಸರಿಸಿಕೊಳ್ಳುವುದು ಬೇರೆ, ಇನ್ನೊಬ್ಬರ ಮನೆಗೆ ಹೋಗಿ ‘ನಾನು ಇಲ್ಲೇ ಕೂರುತ್ತೇನೆ’ ಎಂದು ಮೂಲೆ ಕೇಳಿ ಪಡೆಯುವುದು ಬೇರೆ. ಮೊದಲನೆಯದರಲ್ಲಿ ಪ್ರತಿದಿನ ಹಿಂದಿನ ದಿನದೊಡನೆ ಹೋಲಿಕೆ. ನಿನ್ನೆ ಹಾಲ್‌ನಲ್ಲಿದ್ದ ಕುರ್ಚಿ ಇಂದು ವರಾಂಡದಲ್ಲಿ. ಎರಡನೆಯದರಲ್ಲಿ ನಿನ್ನೆ ಎಂಬುದೇ ಇಲ್ಲ. ಬಾಸ್ಟನ್ ಅಲೆನ್‌ನ ಬೆಲೆಯನ್ನು ಡಾಲರಿನಲ್ಲಿ ಹೇಳಿತು, ಮಯಾಮಿ ಕೆಲಸದಲ್ಲಿ ಹೇಳಿತು: ಇಂಥ ಹೊತ್ತಿಗೆ ಒಳಗೆ ಬಾ, ಇಂಥ ಮೂಲೆಯಲ್ಲಿ ನಿಲ್ಲು, ಚೆಂಡು ಬರುತ್ತದೆ. ಮುಖ್ಯವಲ್ಲದ ಇನ್ನೊಂದು ಸಂಗತಿ: ಬಾಸ್ಟನ್‌ನಲ್ಲಿ 34ನೆಯ ನಂಬರಿನ ಅಂಗಿ ಪಾಲ್ ಪಿಯರ್ಸ್‌ನದಾಗಿತ್ತು, ಅಲೆನ್ ಐದು ವರ್ಷ 20 ತೊಟ್ಟಿದ್ದ. ಮಯಾಮಿಯಲ್ಲಿ ಅವನ ಹಳೆಯ 34 ಅವನಿಗೇ ಮರಳಿತು.

ಬಿಟ್ಟುಹೋದವನನ್ನು ಹಳೆಯ ಮನೆ ಕ್ಷಮಿಸಲಿಲ್ಲ. ಹೋದದ್ದಾದರೂ ಎಲ್ಲಿಗೆ? ತಿಂಗಳ ಹಿಂದಷ್ಟೇ ಏಳು ಪಂದ್ಯಗಳ ಸರಣಿಯಲ್ಲಿ ಸೆಲ್ಟಿಕ್ಸನ್ನು ಮನೆಗೆ ಕಳಿಸಿದ ತಂಡಕ್ಕೆ. 2012ರ ಅಕ್ಟೋಬರ್ 30ರಂದು, ಹೊಸ ಋತುವಿನ ಮೊದಲ ರಾತ್ರಿಯೇ ಎರಡೂ ತಂಡ ಎದುರಾದವು. ಅಂಕಣಕ್ಕೆ ಇಳಿಯುವ ಮುನ್ನ ಅಲೆನ್ ಎದುರಾಳಿ ಬೆಂಚಿಗೆ ಹೋಗಿ ಹಳೆಯ ಜೊತೆಗಾರ ಕೆವಿನ್ ಗಾರ್ನೆಟ್‌ನ ಹೆಗಲು ತಟ್ಟಿದ. ಗಾರ್ನೆಟ್ ಕಣ್ಣು ಕದಲಿಸದೆ ನೇರ ಮುಂದಕ್ಕೆ ನೋಡುತ್ತ ಕೂತಿದ್ದ. ಅವರಿಬ್ಬರು ಜನರೆದುರು ಅಪ್ಪಿಕೊಂಡದ್ದು 2022ರ ಮಾರ್ಚ್‌ನಲ್ಲಿ, ಗಾರ್ನೆಟ್‌ನ ಅಂಗಿಯ ನಂಬರನ್ನು ಬಾಸ್ಟನ್ ಛಾವಣಿಗೇರಿಸಿದ ದಿನ. ನಿಷ್ಠೆಯ ಬಗ್ಗೆ ನನ್ನ ಸಹಾನುಭೂತಿ ಗಾರ್ನೆಟ್ ಕಡೆಗಿದೆ, ತೀರ್ಮಾನ ಅಲೆನ್ ಕಡೆಗೆ. ಮಾರ್ಚ್‌ನಲ್ಲಿ ಆಟಗಾರನನ್ನು ಸಾಗಹಾಕಲು ಹೊರಟ ತಂಡ ಜುಲೈನಲ್ಲಿ ನಿಷ್ಠೆ ಕೇಳುವುದು ಯಾವ ನ್ಯಾಯ?

ಇನ್ನು ಮಯಾಮಿ ಆ 31 ಲಕ್ಷಕ್ಕೆ ಕೊಂಡದ್ದೇನು ಎಂಬ ಪ್ರಶ್ನೆ. ಪಂದ್ಯಕ್ಕೆ ಸುಮಾರು 11 ಅಂಕ ಎಂದರೆ ಲೆಕ್ಕ ಮುಗಿಯಿತು. ಆದರೆ ಅಲೆನ್ ಪಂದ್ಯಕ್ಕೆ ಮೂರು ತಾಸು ಮೊದಲೇ ಖಾಲಿ ಅಂಕಣಕ್ಕೆ ಬಂದು ಒಂದೊಂದು ಜಾಗದಿಂದಲೂ ಎಸೆಯುವವನು. ಅವನದೇ ಒಂದು ವಿಚಿತ್ರ ಅಭ್ಯಾಸವಿತ್ತು: ರಿಂಗ್ ಕೆಳಗೆ ನೆಲದ ಮೇಲೆ ಮಲಗುವುದು, ಚಂಗನೆ ಎದ್ದು ಮೂಲೆಗೆ ಹಿಮ್ಮುಖವಾಗಿ ಓಡುವುದು, ಗೆರೆಯನ್ನು ನೋಡದೆ ನಿಲ್ಲುವುದು, ಬಂದ ಚೆಂಡನ್ನು ಎಸೆಯುವುದು. ನೋಡಿದವರಿಗೆ ಸರ್ಕಸ್ ಅನ್ನಿಸಬೇಕು.

2013ರ ಜೂನ್ 18, ಫೈನಲ್‌ನ ಆರನೆಯ ಪಂದ್ಯ. ನಮ್ಮಲ್ಲಿ 19ರ ಬೆಳಗ್ಗೆ, ಕಚೇರಿಗೆ ಹೊರಡುವ ಹೊತ್ತು. ಸ್ಯಾನ್ ಆಂಟೋನಿಯೊ ಸ್ಪರ್ಸ್ 3-2ರಿಂದ ಮುಂದಿದೆ. ಪಂದ್ಯದಲ್ಲಿ 28 ಸೆಕೆಂಡ್ ಉಳಿದಾಗ ಮಯಾಮಿ ಐದು ಅಂಕ ಹಿಂದೆ. ಪ್ರಶಸ್ತಿ ಸಮಾರಂಭಕ್ಕೆಂದು ಅಂಕಣದ ಸುತ್ತ ಹಳದಿ ಹಗ್ಗ ಹಿಡಿದು ಸಿಬ್ಬಂದಿ ಬಂದು ನಿಂತಿದ್ದಾರೆ. ಲೆಬ್ರಾನ್‌ನದೊಂದು ಎಸೆತ ಒಳಗೆ ಬಿತ್ತು. ಈಗ 95-92, ಅವನ ಮುಂದಿನ ಎಸೆತ ರಿಂಗ್‌ಗೆ ಬಡಿದು ಹೊರಕ್ಕೆ. ಸ್ಪರ್ಸ್‌ನ ಎತ್ತರದಾಳು ಟಿಮ್ ಡಂಕನ್‌ನನ್ನು ಕೋಚ್ ಗ್ರೆಗ್ ಪಾಪೊವಿಚ್ ಆ ಗಳಿಗೆಗೆ ಹೊರಗೆ ಕೂರಿಸಿದ್ದರು. ರಿಬೌಂಡ್ ಬಾಷ್ ಕೈಗೆ ಸಿಕ್ಕಿತು. ಅಷ್ಟರಲ್ಲಿ ರಿಂಗ್ ಕೆಳಗಿದ್ದ ಅಲೆನ್ ಹಿಮ್ಮುಖವಾಗಿ ಬಲಮೂಲೆಗೆ ಹೆಜ್ಜೆ ಹಾಕುತ್ತಿದ್ದ, ಪುಟ್ಟ ಪುಟ್ಟ ಹೆಜ್ಜೆ. ಕಣ್ಣು ಬಾಷ್ ಮೇಲೆ, ನೆಲದ ಮೇಲಲ್ಲ. ಚೆಂಡು ಕೈ ಸೇರಿದಾಗ ಎರಡೂ ಪಾದ ಆ ಮೂರಡಿ ಮಂಚದ ಒಳಗಿದ್ದವು. ಸ್ಪರ್ಸ್‌ನ ಟೋನಿ ಪಾರ್ಕರ್ ಕೈ ಚಾಚಿ ಹಾರಿದ, ತಡವಾಗಿತ್ತು. 95-95, ಉಳಿದದ್ದು 5.2 ಸೆಕೆಂಡ್. ತೀರ್ಪುಗಾರರು ಪರದೆಯಲ್ಲಿ ಪಾದ ನೋಡಿದರು, ಗೆರೆ ತಾಗಿರಲಿಲ್ಲ. ಹಗ್ಗ ಹಿಡಿದವರು ಹಿಂದೆ ಸರಿದರು. ಹೆಚ್ಚುವರಿ ಅವಧಿಯಲ್ಲಿ ಮಯಾಮಿ 103-100ರಿಂದ ಗೆದ್ದಿತು, ಎರಡು ದಿನದ ಮೇಲೆ ಪ್ರಶಸ್ತಿಯನ್ನೂ.

ಅದೇ ರಾತ್ರಿ ಇನ್ನೊಬ್ಬ ಪೋಷಕ ನಟನೂ ಅಂಕಣದಲ್ಲಿದ್ದ. ಮೈಕ್ ಮಿಲ್ಲರ್, ವಯಸ್ಸು 33. ನಾಲ್ಕನೆಯ ಅವಧಿಯಲ್ಲಿ ಅವನ ಒಂದು ಬೂಟು ಕಳಚಿಹೋಯಿತು; ಬರೀ ಕಾಲುಚೀಲದಲ್ಲೇ ನಿಂತು ಮೂರು ಅಂಕ ಗಳಿಸಿದ. ಜುಲೈ ಬಂತು. ಹೆಚ್ಚು ಸಂಬಳ ಕೊಡುವ ತಂಡಗಳ ಮೇಲೆ ಲೀಗ್ ಹಾಕುವ ತೆರಿಗೆಯನ್ನು ಉಳಿಸಲು ಹೀಟ್‌ನವರು ಲೀಗ್ ಒಪ್ಪಂದದ ಒಂದು ಸವಲತ್ತು ಬಳಸಿ ಮಿಲ್ಲರ್‌ನನ್ನು ಕೈಬಿಟ್ಟರು. ಮೈತುಂಬ ಹಳೆಯ ಗಾಯಗಳಿದ್ದವನು, ಇನ್ನೆಷ್ಟು ದಿನ ಆಡಿಯಾನು ಎಂಬ ಅನುಮಾನವಿತ್ತು. ಅವನು ಮೆಂಫಿಸ್ ಸೇರಿದ. ಋತುವಿನಲ್ಲಿ 82 ಪಂದ್ಯ, 82ನ್ನೂ ಆಡಿದ.