ಹೊತ್ತು ಕಳೀರಿ ಅಂದ ಮುತ್ಯಾ

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪು ಹೇಳಿಕೊಳ್ಳುತ್ತೇನೆ. ಅಜ್ಜ ಅಜ್ಜಿಯರೂ ಕೇಳಿಸಿಕೊಳ್ಳಲಿ. ಮೈದಾನದ ಅಂಚಿನಲ್ಲಿ ನಿಂತು ಬುದ್ಧಿ ಹೇಳುವ ಚಟ ಅವರಲ್ಲೂ ಕೆಲವರಿಗೆ ಇದ್ದೀತು.

ನಾನಿರುವುದು ಬಸವಕಲ್ಯಾಣದಲ್ಲಿ. ಮಗಳನ್ನು ಕೊಟ್ಟದ್ದು ಹುಮನಾಬಾದಿಗೆ. ಅವಳ ಮಗಳು ಎಂಟನೇ ತರಗತಿ, ಶಾಲೆಯ ಕಬಡ್ಡಿ ತಂಡದ ರೈಡರ್. ಹೋದ ತಿಂಗಳು ಅವಳ ಪಂದ್ಯ ಇದೆ ಎಂದು ಫೋನ್ ಬಂತು. ಬೆಳಗಿನ ಬಸ್ ಹತ್ತಿದೆ. ಸಸ್ತಾಪುರ ಬಂಗ್ಲಾ ಹತ್ತಿರ ಹೆದ್ದಾರಿ ಹಿಡಿದ ಬಸ್ಸು ಹೊತ್ತಿಗೆ ಸರಿಯಾಗಿ ನನ್ನನ್ನು ಹುಮನಾಬಾದಿನಲ್ಲಿ ಇಳಿಸಿತು.

ಆಟ ಮುಗಿಯಲು 3 ನಿಮಿಷ ಇದ್ದಾಗ ನಮ್ಮ ಹುಡುಗಿಯರು 3 ಅಂಕ ಮುಂದಿದ್ದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. 3 ನಿಮಿಷ ಅಂದರೆ 180 ಸೆಕೆಂಡ್. ಒಂದು ದಾಳಿಗೆ 30 ಸೆಕೆಂಡ್. ಅಲ್ಲಿಗೆ 6 ದಾಳಿ, ಅದರಲ್ಲಿ ನಮ್ಮವು 3. ನಮ್ಮವರು ಸುಮ್ಮನೆ ಹೋಗಿ ಬಂದರೂ ಗೆದ್ದಂತೆಯೇ! ಬಾಯಿ ಸುಮ್ಮನಿರಲಿಲ್ಲ. “ಹೊತ್ತು ಕಳೀರಿ, ಹೊತ್ತು ಕಳೀರಿ!” ಎಂದು ಕೂಗಿದೆ. ಮೊಮ್ಮಗಳು ತಿರುಗಿ ನೋಡಿ ತಲೆಯಾಡಿಸಿದಳು.

ದಾಳಿಗೆ ಹೋದವಳು ಎದುರಾಳಿಗಳ ಮೊದಲ ಗೆರೆ ದಾಟಿದಳು. ಅಲ್ಲೇ ಕಬಡ್ಡಿ ಕಬಡ್ಡಿ ಎನ್ನುತ್ತ ನಿಂತು, 30 ಸೆಕೆಂಡ್ ತುಂಬುವಾಗ ಬರಿಗೈಲಿ ಮರಳಿದಳು. ಎದುರು ತಂಡದ ಹುಡುಗಿ ಹಾಗೆ ಮಾಡಲಿಲ್ಲ. 10 ಸೆಕೆಂಡಿನಲ್ಲಿ ಬಂದು, ಬೋನಸ್ ಗೆರೆ ದಾಟಿ, ಒಂದು ಅಂಕ ಎತ್ತಿಕೊಂಡು ಹೋದಳು. ಇನ್ನೊಂದು ಸುತ್ತೂ ಹೀಗೇ ಆಯಿತು. ನನ್ನ ಲೆಕ್ಕದಂತೆ ಅಷ್ಟರಲ್ಲಿ 120 ಸೆಕೆಂಡ್ ಮುಗಿಯಬೇಕಿತ್ತು. ಮುಗಿದದ್ದು 80. ನಮ್ಮ 3 ಅಂಕದ ಗಂಟಿನಲ್ಲಿ ಉಳಿದದ್ದು ಒಂದೇ.

ಆ ಪಂದ್ಯದಲ್ಲಿ ‘ಮಾಡು ಇಲ್ಲವೇ ಮಡಿ’ ನಿಯಮವೂ ಇತ್ತು. ಒಂದು ತಂಡದ ಎರಡು ದಾಳಿ ಸತತ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ರೈಡರ್ ಔಟ್. ಎದುರಾಳಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರು ಮೇಲೆ ಬೀಳಲಿಲ್ಲ. ಕೈ ಕೈ ಹಿಡಿದು ಹಿಂದೆ ಸರಿದು ಕಾದರು. ಅಂಕ ಬೇಕಾದವಳು ತಾನಾಗಿಯೇ ಒಳಗೆ ಬರಬೇಕಲ್ಲ! ಬಂದಳು, ಸಿಕ್ಕಿಬಿದ್ದಳು. ಅಂಕ ಸಮ ಆಯಿತು. ಮುಂದಿನ ದಾಳಿಯಲ್ಲಿ ಅವರು ಇನ್ನೊಬ್ಬಳನ್ನು ಮುಟ್ಟಿ ಹೋದರು. ಉಳಿದ ಹೊತ್ತಿನಲ್ಲಿ ನಮ್ಮವರಿಗೆ ಏನೂ ದಕ್ಕಲಿಲ್ಲ. ಒಂದು ಅಂಕದಿಂದ ಸೋತರು.

ಮೊಮ್ಮಗಳು ಮೊಣಕಾಲಿನ ಮಣ್ಣು ಒರೆಸಿಕೊಳ್ಳುತ್ತ, “ಮುತ್ಯಾ, ನೀ ಹೇಳ್ದಂಗೇ ಮಾಡೀವಿ” ಎಂದಳು. ನನಗೆ ಮಾತೇ ಹೊರಡಲಿಲ್ಲ.

ಊರಿಗೆ ಮರಳುವಾಗ ಬಸ್ಸಿನಲ್ಲಿ ಹಳೆಯ ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದು ನೆನಪಾಯಿತು. ಅಮೆರಿಕದಲ್ಲಿ 1950ರ ನವೆಂಬರ್ 22ರಂದು ಫೋರ್ಟ್ ವೇಯ್ನ್ ಪಿಸ್ಟನ್ಸ್ ಮತ್ತು ಮಿನಿಯಾಪೊಲಿಸ್ ಲೇಕರ್ಸ್ ತಂಡಗಳು ಆಡಿದವು. ಲೇಕರ್ಸ್ ಕಡೆ ಜಾರ್ಜ್ ಮೈಕನ್ ಎಂಬ ಭಾರೀ ಎತ್ತರದ ಆಟಗಾರ ಇದ್ದ. ಅವನ ಕೈಗೆ ಚೆಂಡೇ ಸಿಗಬಾರದೆಂದು ಪಿಸ್ಟನ್ಸ್‌ನವರು ಚೆಂಡು ಹಿಡಿದುಕೊಂಡೇ ಕಾಲ ಕಳೆದರು. 48 ನಿಮಿಷದ ಆಟದ ಕೊನೆಗೆ ಅಂಕ 19–18! ಗೆದ್ದದ್ದು ಪಿಸ್ಟನ್ಸ್. ಆದರೆ ದುಡ್ಡು ಕೊಟ್ಟು ನೋಡಲು ಬಂದವರಿಗೆ ಆಟವೇ ಸಿಗಲಿಲ್ಲ.

ಇದಕ್ಕೆ ಮದ್ದು ಸಿಕ್ಕಿದ್ದು 1954ರಲ್ಲಿ. ಸಿರಾಕ್ಯೂಸ್ ತಂಡದ ಒಡೆಯ ಡ್ಯಾನಿ ಬಿಯಾಸೋನ್ ಒಂದು ಲೆಕ್ಕ ಮಾಡಿದರು. ನೀವೂ ಮಾಡಿ ನೋಡಿ. 48 ನಿಮಿಷಕ್ಕೆ 2,880 ಸೆಕೆಂಡ್. ಚೆನ್ನಾಗಿ ನಡೆದ ಆಟದಲ್ಲಿ ಎರಡೂ ತಂಡ ಸೇರಿ ಸುಮಾರು 120 ಸಲ ಬುಟ್ಟಿಗೆ ಎಸೆಯುತ್ತವೆ. ಭಾಗಿಸಿದರೆ 24. ಅಂದಿನಿಂದ ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಎಸೆಯಲೇಬೇಕು. ಆಮೇಲೆ ತಡೆಯುವವರೂ ಹೊಸ ಉಪಾಯ ಕಲಿತರು. ಇಂದಿನ ಅಂತರರಾಷ್ಟ್ರೀಯ ಆಟದಲ್ಲಿ 8 ಸೆಕೆಂಡಿನೊಳಗೆ ಚೆಂಡು ನಡುಗೆರೆ ದಾಟಬೇಕು. ಹಾಗಾಗಿ ತಡೆಯುವವರು ಅಂಗಣದ ಆ ತುದಿಯಿಂದಲೇ ಮೈಗೆ ಮೈ ತಾಗುವಷ್ಟು ಹತ್ತಿರ ಬಂದು ಕಾಡುತ್ತಾರೆ. ಚೆಂಡು ಸಿಗದಿದ್ದರೂ ಚಿಂತೆಯಿಲ್ಲ, ಸೆಕೆಂಡು ಕಿತ್ತುಕೊಂಡರೆ ಸಾಕು. ಹೊತ್ತು ಕಡಿಮೆಯಾದಂತೆ ಎದುರಾಳಿ ತಾನೇ ತಪ್ಪು ಮಾಡುತ್ತಾನೆ. ಹುಮನಾಬಾದಿನಲ್ಲಿ ಆ ಹುಡುಗಿಯರು ಮಾಡಿದ್ದೂ ಇದನ್ನೇ. ಅವರಿಗೆ ದಾರಿ ಮಾಡಿಕೊಟ್ಟವನು ನಾನು.

ನಾವು ಚಿಕ್ಕವರಿದ್ದಾಗ ಹುತುತು ಆಡುತ್ತಿದ್ದೆವು. ಆಗ ಕೈಗಡಿಯಾರ ಯಾರ ಹತ್ತಿರ ಇತ್ತು? ಉಸಿರೇ ಗಡಿಯಾರ. ಸುಮ್ಮನೆ ನಿಂತರೂ ಉಸಿರು ಖರ್ಚಾಗುತ್ತಿತ್ತು, ಅದಕ್ಕೇ ಯಾರೂ ಸುಮ್ಮನೆ ನಿಲ್ಲುತ್ತಿರಲಿಲ್ಲ. ಇಷ್ಟು ಗೊತ್ತಿದ್ದೂ ಮೊಮ್ಮಗಳಿಗೆ ನಿಲ್ಲು ಎಂದೆನಲ್ಲ!

ಹೊತ್ತಿಗೆ ಹೆದರದವರ ಆಟ ನೋಡಬೇಕಿದ್ದರೆ 2019ರ ಜನವರಿ 5ರ ಪ್ರೊ ಕಬಡ್ಡಿ ಫೈನಲ್ ನೋಡಿ. ಅರ್ಧ ಆಟ ಮುಗಿದಾಗ ನಮ್ಮ ಬೆಂಗಳೂರು ಬುಲ್ಸ್ ಗುಜರಾತ್ ತಂಡಕ್ಕಿಂತ ಹಿಂದಿತ್ತು. ಕೊನೆಗೆ 38–33ರಿಂದ ಗೆದ್ದಿತು. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು.

ಮುಂದಿನ ಭಾನುವಾರ ಮತ್ತೆ ಹುಮನಾಬಾದಿಗೆ ಹೋದೆ. “ತಪ್ಪು ನಿಂದಲ್ಲವ್ವಾ, ನಂದು” ಎಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ನನ್ನ ಫೋನ್ ಕಿತ್ತುಕೊಂಡು, 30 ಸೆಕೆಂಡ್ ಎಣಿಸುವಂತೆ ಇಟ್ಟು ನನ್ನ ಕೈಗೇ ಕೊಟ್ಟಳು. ಅಂಗಳದಲ್ಲಿ ಸುಣ್ಣದ ಗೆರೆ ಎಳೆದಳು. ಓಣಿಯ ಮಕ್ಕಳೆಲ್ಲ ಸೇರಿದರು. ಮುಂದಿದ್ದಾಗಲೂ ಕಾಲು ನಿಲ್ಲಬಾರದು, ಹೊತ್ತು ತಗೊಂಡರೂ ಬೋನಸ್ ಮೇಲೆ ಕಣ್ಣಿರಬೇಕು. ಇದು ಅವಳೇ ಮಾಡಿದ ನಿಯಮ.

ನಾನು ಏನೋ ಹೇಳಲು ಬಾಯಿ ತೆರೆದೆ.

“ಮುತ್ಯಾ, ನೀ ಬರೇ ಟೈಮ್ ಹೇಳು!” ಎಂದಳು.

ಹೇಳಿದೆ. ಅಷ್ಟೇ ಹೇಳಿದೆ.